ಎಕ್ಸ್‌ರೇ ನೋಡಿ ಆಪರೇಷನ್‌ಗೆ ಒಪ್ಪಬೇಡಿ

ಪ್ರಶ್ನೆ: ನನಗೆ 29 ವರ್ಷ, ಶಿರಸಿ ಹತ್ತಿರದ ಹಳ್ಳಿ. ಎರಡು ಸಲ ಗರ್ಭ ನಿಂತು ಮೂರನೇ ತಿಂಗಳಲ್ಲಿ ಹೋಯಿತು. ಗರ್ಭಕೋಶಕ್ಕೆ ಡೈ ಬಿಟ್ಟು ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇ ಮಾಡಿಸಿದಾಗ 'ಬೈಕಾರ್ನುಯೇಟ್, ಅಂದರೆ ಎರಡು ಕೊಂಬಿನ ಗರ್ಭಕೋಶ, ಆಪರೇಷನ್ ಬೇಕಾಗಬಹುದು' ಎಂದರು. ಅಮ್ಮ ಬಸುರಿಯಿದ್ದಾಗ ಗ್ರಹಣ ನೋಡಿದ್ದಕ್ಕೇ ನನಗೆ ಹೀಗಾಗಿದೆ ಅಂತಾರೆ ಅತ್ತೆ. ನನಗೆ ಮಕ್ಕಳಾಗುತ್ತವೆಯೇ?

ಉತ್ತರ: ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ ತಂಗಿ. ಎರಡು ಸಲ ಗರ್ಭ ನಿಂತಿದೆ. ಹಾಗಾಗಿ ನಿಮ್ಮ ತೊಂದರೆ ಗರ್ಭ ನಿಲ್ಲುವುದರಲ್ಲಲ್ಲ, ಉಳಿಯುವುದರಲ್ಲಿ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಣ್ಣು ಭ್ರೂಣದಲ್ಲಿ ಮೊದಲು ಎರಡು ಪುಟ್ಟ ಕೊಳವೆಗಳಿರುತ್ತವೆ. ಅವು ಕೂಡಿಕೊಂಡು, ನಡುವಿನ ಗೋಡೆ ಕರಗಿ, ಒಂದು ಗರ್ಭಕೋಶ ಆಗುತ್ತದೆ. ಮೇಲ್ಭಾಗ ಪೂರ್ತಿ ಕೂಡದಿದ್ದರೆ ಎರಡು ಕೊಂಬು. ಕೂಡಿದರೂ ಗೋಡೆ ಕರಗದಿದ್ದರೆ ಅದು ಸೆಪ್ಟೇಟ್, ಒಳಗೆ ಪರದೆ ಉಳಿದ ಗರ್ಭಕೋಶ. ಇದರಲ್ಲಿ ಅಮ್ಮನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ.

ಎಚ್‌ಎಸ್‌ಜಿಯಲ್ಲಿ ಡೈ ತುಂಬಿದ ಒಳಭಾಗ ಮಾತ್ರ ಕಾಣುತ್ತದೆ. ಕೊಂಬಿದ್ದರೂ ಪರದೆಯಿದ್ದರೂ ಚಿತ್ರ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಹೊರಮೈಯಲ್ಲಿ: ಕೊಂಬಿನದಾದರೆ ಮೇಲೆ ನಡುವೆ ಆಳವಾದ ತಗ್ಗು, ಪರದೆಯಾದರೆ ಇಲ್ಲ. ಅದಕ್ಕೇ ಮೊದಲು 3ಡಿ ಸ್ಕ್ಯಾನಿಂಗ್ ಮಾಡಿಸಿ, ಇಲ್ಲವೇ ಎಂಆರ್‌ಐ. ಊರಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ ಹೋಗಿ. ಮುಟ್ಟು ಬರುವ ಹಿಂದಿನ ವಾರ ಒಳಪದರ ದಪ್ಪವಿರುತ್ತದೆ, ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಕಿಡ್ನಿಯನ್ನೂ ನೋಡಿಸಿ. ಎರಡೂ ಅಂಗ ಅಕ್ಕಪಕ್ಕದಲ್ಲೇ ಬೆಳೆಯುವುದರಿಂದ ಕೆಲವರಿಗೆ ಒಂದೇ ಕಿಡ್ನಿ ಇರುವುದುಂಟು.

ಕೊಂಬಿನ ಗರ್ಭಕೋಶ ಅಂತ ಖಾತ್ರಿಯಾದರೆ ಸಾಮಾನ್ಯವಾಗಿ ಆಪರೇಷನ್ ಬೇಡ. ಪರದೆಯಾದರೆ ಹೊಟ್ಟೆ ಕೊಯ್ಯದೆ, ಕೆಳಗಿನಿಂದ ದುರ್ಬೀನು ಹಾಕಿ ಕತ್ತರಿಸುತ್ತಾರೆ. ಇದನ್ನು ವರ್ಷಗಟ್ಟಲೆ ಕಣ್ಣುಮುಚ್ಚಿ ಮಾಡುತ್ತಾ ಬಂದೆವು ಅನ್ನಿ. ಆದರೆ 2021ರಲ್ಲಿ ಪ್ರಕಟವಾದ, 80 ಹೆಂಗಸರ ಒಂದು ಅಧ್ಯಯನದಲ್ಲಿ ಪರದೆ ತೆಗೆಸಿಕೊಂಡವರಿಗೆ ಹೆಚ್ಚು ಮಕ್ಕಳೇನೂ ಆಗಲಿಲ್ಲ. ಅಧ್ಯಯನ ಚಿಕ್ಕದು, ಕೊನೆಯ ಮಾತಲ್ಲ. ಆದರೂ 'ಇದರಿಂದ ನನಗೆಷ್ಟು ಲಾಭ?' ಅಂತ ಡಾಕ್ಟರನ್ನು ಕೇಳಿಯೇ ಒಪ್ಪಿಕೊಳ್ಳಿ.

ಗರ್ಭ ಹೋಗಲು ಬೇರೆ ಕಾರಣವೂ ಇರಬಹುದು ಅಲ್ವಾ? ಥೈರಾಯ್ಡ್, ಸಕ್ಕರೆ, ಎಪಿಎಲ್‌ಎ (ರಕ್ತ ಹೆಪ್ಪುಗಟ್ಟಿಸಿ ಗರ್ಭ ಕೆಡಿಸಬಲ್ಲ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಿ. ಗಂಡ ಹೆಂಡತಿ ಇಬ್ಬರ ವರ್ಣತಂತು ಪರೀಕ್ಷೆ ಬೇಕೇ ಅಂತಲೂ ಕೇಳಿ.

ಮುಂದಿನ ಸಲ ಗರ್ಭ ನಿಂತ ಕೂಡಲೇ ಡಾಕ್ಟರಿಗೆ ತಿಳಿಸಿ. ಇಂಥ ಗರ್ಭಕೋಶದಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಗು ಅಡ್ಡ ಅಥವಾ ತಲೆ ಮೇಲಾಗಿ ನಿಲ್ಲುವುದು ಜಾಸ್ತಿ. ಗರ್ಭಕೋಶದ ಬಾಯಿಯ ಉದ್ದವನ್ನು ಸ್ಕ್ಯಾನಿಂಗ್‌ನಲ್ಲಿ ಆಗಾಗ ಅಳೆಸಬೇಕು. ಕೂಸಿನ ಐಸಿಯು ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ದಿನ ಮಳೆಗಾಲಕ್ಕೆ ಬಂದರೆ ಘಟ್ಟದ ರಸ್ತೆ ನೆಚ್ಚಿ ಕೂರಬೇಡಿ, ಏಳು ತಿಂಗಳು ತುಂಬುವಾಗಲೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಹೋಗಿಬಿಡಿ.