ಕೈಗಾ ಅಣುವಿದ್ಯುತ್ ಸ್ಥಾವರ ಹತ್ತಿರ ಇದೆ ಅಂತ ಉಡುಪಿಯವರು ಅಯೋಡಿನ್ ಮಾತ್ರೆ ತಂದಿಟ್ಟುಕೊಳ್ಳಬೇಕಾ? ಮೈಯೊಳಗೆ ವಿಕಿರಣ ವಸ್ತು ಸೇರಿದರೆ ಅದು ಸಾಕಾ?

ಸುಮ್ನೆ ತಂದಿಡುವುದು ಬೇಡ. ಅದು ಥೈರಾಯ್ಡ್‌ಗೆ ವಿಕಿರಣ ಅಯೋಡಿನ್ ಸೇರದಂತೆ ತಡೆಯುತ್ತದೆ, ಅಷ್ಟೇ. ಸರ್ಕಾರ ಹೇಳಿದಾಗ ಮಾತ್ರ ನುಂಗಬೇಕು.

ವಸ್ತು ಬೇರೆಯಾದರೆ ಮದ್ದೂ ಬೇರೆ. ಸೀಸಿಯಂಗೆ ಪ್ರಷ್ಯನ್ ಬ್ಲೂ. ಹೌದು, ಪೇಂಟಿಗೆ ಹಾಕುವ ಅದೇ ನೀಲಿ! ಕರುಳಿನಲ್ಲಿ ಸೀಸಿಯಂ ಹಿಡಿದುಕೊಂಡು ಮಲದ ಜೊತೆ ಹೊರಹಾಕುತ್ತದೆ. ಮೈಯಲ್ಲಿರುವ ಸೀಸಿಯಂ ಅರ್ಧಕ್ಕಿಳಿಯಲು ಸುಮಾರು 110 ದಿನ ಬೇಕು. ಈ ಮದ್ದು ಕೊಟ್ಟರೆ ಸುಮಾರು 30 ದಿನ ಸಾಕು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಂ ಅವಘಡವಾದಾಗ 46 ಮಂದಿಗೆ ಇದನ್ನೇ ಕೊಟ್ಟಿದ್ದರು. ಪ್ಲುಟೋನಿಯಂಗೆ ಡಿಟಿಪಿಎ ಅನ್ನೋ ಮದ್ದು, ಅದೂ ಬೇಗ ಕೊಟ್ಟಷ್ಟು ಒಳ್ಳೆಯದು.

ಕೈಗಾದಲ್ಲೇ 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಬೆರೆತು 50ಕ್ಕೂ ಹೆಚ್ಚು ಸಿಬ್ಬಂದಿಯ ಮೈ ಸೇರಿತ್ತಲ್ವಾ? ಅದು ಮೂತ್ರದಲ್ಲಿ ಹೋಗುತ್ತದೆ. ಜಾಸ್ತಿ ನೀರು, ಮೂತ್ರ ಹೆಚ್ಚಿಸುವ ಔಷಧಿ, ಇಷ್ಟೇ ಚಿಕಿತ್ಸೆ. ಅಯೋಡಿನ್ ಮಾತ್ರೆಗೆ ಅಲ್ಲಿ ಕೆಲಸವೇ ಇಲ್ಲ.