ತಮ್ಮಾ, ಇಲ್ಲಿ ನೀರು ಹಿಂದಿನಿಂದ ಬರ್ತದೆ

ನಿನ್ನ ಪ್ರಶ್ನೆ ಓದಿದೆ. ಗಂಗೊಳ್ಳಿ ಕಡೆಯವ, ವೇಲ್ಸಿನ ಕಾರ್ಡಿಫ್‌ಗೆ ಬಂದು ಎರಡು ತಿಂಗಳು, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ನಿನಗೆ ಇನ್ನು ಕೆಲಸ ಆಗಬೇಕಷ್ಟೆ. ಹತ್ತಿರದ ಬ್ಯಾರಿ (Barry) ಅನ್ನುವ ಊರಲ್ಲಿ ಬಾಡಿಗೆ ಕಡಿಮೆಯಾ, ಚಳಿ ಯಾವಾಗ ಮುಗೀತದೆ, ನಮ್ಮವರು ಸಿಗ್ತಾರಾ ಅಂತೆಲ್ಲ ಕೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದಿ: "ದಡದಲ್ಲಿ ನಿಂತು ಗಾಳ ಹಾಕಿದ್ರೆ ತೊರಕೆ, ತಾಟೆ ಸಿಗ್ತದಂತೆ, ಹೌದಾ ಅಣ್ಣಾ? ಲೈಸೆನ್ಸ್ ಬೇಕಾ?" ತೊರಕೆ ಅಂದ್ರೆ ರೇ ಮೀನು, ತಾಟೆ ಅಂದ್ರೆ ಶಾರ್ಕ್ ಜಾತಿಯದ್ದು. ನಿಜ ಹೇಳ್ಬೇಕಂದ್ರೆ ಆ ಒಂದು ಸಾಲಿಗಾಗಿಯೇ ಬರೆಯಲಿಕ್ಕೆ ಕೂತದ್ದು. ನಾನೂ ಕೋಡಿಯವ. ನೀನು ಅಂತಲೇ ಕರೀತೇನೆ, ಬೇಜಾರು ಮಾಡ್ಕೊಳ್ಬೇಡ.

ಉಳಿದದ್ದು ಬೇಗ ಮುಗಿಸ್ತೇನೆ. ಬ್ಯಾರಿಯಲ್ಲಿ ಬಾಡಿಗೆ ಸ್ವಲ್ಪ ಕಡಿಮೆ ಇರಬಹುದು. ನೈಟ್ ಶಿಫ್ಟ್ ಮುಗಿಸಿ ಬರುವವಳಿಗೆ ರೈಲು ಉಂಟಾ, ಅದನ್ನು ಮೊದಲು ನೋಡು. ಜಾಕೆಟ್ಟು ಊರಿನಿಂದ ತರಿಸ್ಬೇಡ, ಇಲ್ಲಿಯೇ ತಕೋ. ನಮ್ಮವರು ಸಿಗ್ತಾರೆ, ಯುಗಾದಿಗೆ, ರಾಜ್ಯೋತ್ಸವಕ್ಕೆ. ಉಳಿದ ದಿನ ಅವರವರ ಶಿಫ್ಟು ಅವರವರಿಗೆ. ಕೆಲಸ ಆಗ್ತದೆ, ಆರು ತಿಂಗಳು ತಡಕೋ.

ಇನ್ನು ಕಡಲಿನ ವಿಷಯ. ನಾನು ಬಂದದ್ದು 2003ರಲ್ಲಿ. ಮೊದಲ ರಜೆಗೆ ರೈಲು ಹತ್ತಿ ಪಕ್ಕದ ಕಡಲೂರು ಪೆನಾರ್ತಿಗೆ ಹೋದೆ, ಕಡಲು ನೋಡದೆ ಒಂದು ತಿಂಗಳು ಕಳೆದಿತ್ತಲ್ಲ. ಮಧ್ಯಾಹ್ನ. ಪಿಯರ್, ಅಂದರೆ ಕಡಲಿಗೆ ಚಾಚಿದ ಹಲಗೆಯ ಕಟ್ಟೆ, ಅದರ ಮೇಲೆ ನಿಂತು ಕೆಳಗೆ ನೋಡಿದರೆ ಕಲ್ಲು, ಕೆಸರು, ಕಂಬಕ್ಕೆ ಅಂಟಿದ ಪಾಚಿ. ನೀರು ಎಲ್ಲೋ ದೂರ, ಅದೂ ಆಷಾಢದ ಹೊಳೆಯ ಬಣ್ಣದ್ದು. ಇದೆಂಥ ಕಡಲು ಮಾರಾಯ ಅಂತ ಬೈದುಕೊಂಡು ಚಾ ಕುಡಿಯಲಿಕ್ಕೆ ಹೋದವ ಸಂಜೆ ತಿರುಗಿ ಬಂದಾಗ, ಮಧ್ಯಾಹ್ನ ನೋಡಿದ ಕಲ್ಲು ಒಂದೂ ಇರ್ಲಿಲ್ಲ. ಹಲಗೆಯ ಕೆಳಗೇ ನೀರು ಸದ್ದು ಮಾಡ್ತಿತ್ತು.

ಲೆಕ್ಕ ಹೇಳ್ತೇನೆ ಕೇಳು. ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನ ಆಸುಪಾಸು ವ್ಯತ್ಯಾಸ. ಸೆವೆರ್ನ್ ನದಿಯ ಅಳಿವೆಯಲ್ಲಿ, ಅಂದರೆ ಬ್ರಿಸ್ಟಲ್ ಚಾನೆಲ್ಲಿನ ಈ ತುದಿಯಲ್ಲಿ, ದೊಡ್ಡ ಭರತದ ದಿನ 12 ಮೀಟರಿಗೂ ಮೇಲೆ ಹೋಗ್ತದೆ. ನಾಲ್ಕು ಮಾಳಿಗೆ ಎತ್ತರ. ಕೆನಡಾದ ಫಂಡಿ ಕೊಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇದಕ್ಕೇ ಎರಡನೇ ಸ್ಥಾನ ಅಂತ ಹೇಳುದು. ಅಟ್ಲಾಂಟಿಕ್ಕಿನ ನೀರು ಅಗಲ ಬಾಯಿಯಲ್ಲಿ ನುಗ್ಗಿ ಒಳಗೆ ಬರ್ತಾ ಬರ್ತಾ ಇಕ್ಕಟ್ಟಾಗ್ತದೆ, ತಳವೂ ಏರ್ತದೆ. ಹೋಗಲಿಕ್ಕೆ ಜಾಗ ಇಲ್ಲದ ನೀರು ಮೇಲೇಳ್ತದೆ. ಆರು ಗಂಟೆ ಒಂದೇ ಸಮನೆ ಏರುದೂ ಅಲ್ಲ. ಮೊದಲ ಗಂಟೆ ನಿಧಾನ. ಮೂರನೇ, ನಾಲ್ಕನೇ ಗಂಟೆಯಲ್ಲಿ ಒಂದೊಂದು ಗಂಟೆಗೆ ಒಟ್ಟು ಏರಿಕೆಯ ಕಾಲು ಭಾಗ ಬರ್ತದೆ. 12 ಮೀಟರಿನ ದಿನ ಅಂದ್ರೆ ಗಂಟೆಗೆ ಮೂರು ಮೀಟರ್, ನಿಮಿಷಕ್ಕೆ ಐದು ಸೆಂಟಿಮೀಟರ್. ಚಪ್ಪಟೆ ಕಲ್ಲುಹಾಸಿನ ಮೇಲೆ ಅದು ಎಷ್ಟು ದೂರ ಓಡಿ ಬರಬಹುದು ಅಂತ ನೀನೇ ಯೋಚನೆ ಮಾಡು.

ಊರಿನ ಪಂಚಾಂಗ ಇಲ್ಲಿಯೂ ಕೆಲಸಕ್ಕೆ ಬರ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಭರತ. ಅಷ್ಟಮಿ ಕಳೆದ ಮೇಲೆ ಸಣ್ಣದು. ಈ ಊರಿನ ವಿಶೇಷ ಏನಂದ್ರೆ ದೊಡ್ಡ ಭರತ ತುಂಬುದು ಯಾವಾಗಲೂ ಬೆಳಿಗ್ಗೆ, ಸಂಜೆ 7ರಿಂದ 9ರ ಹೊತ್ತಿಗೆ. ಹಾಗಾದ್ರೆ ದೊಡ್ಡ ಇಳಿತ ಊಟದ ಹೊತ್ತಿಗೆ. ಭಾನುವಾರ ಊಟ ಕಟ್ಟಿಕೊಂಡು ಮಕ್ಕಳ ಜೊತೆ ಬಂದವರಿಗೆ ದಾರಿ ಬಿಟ್ಟುಕೊಟ್ಟು, ಸಂಜೆಯೊಳಗೆ ಮುಚ್ಚಿಬಿಡ್ತದೆ.

ಬ್ಯಾರಿಗೆ ಹತ್ತಿರ ಸ್ವಾನ್‌ಬ್ರಿಡ್ಜ್ ಅಂತ ಉಂಟು, ಎದುರಿಗೆ ಸಲ್ಲಿ ದ್ವೀಪ. ಇಳಿತದಲ್ಲಿ ಕಲ್ಲುದಾರಿಯಲ್ಲಿ ನಡಕೊಂಡೇ ಹೋಗಬಹುದು. ತೊರಕೆಗೆ ಒಳ್ಳೆ ಜಾಗ ಅಂತ ನಿನಗೆ ಯಾರಾದರೂ ಹೇಳಿಯೇ ಹೇಳ್ತಾರೆ. ಒಮ್ಮೆ ನಾನು ಈಚೆ ದಡದಲ್ಲಿ ಸಾಮಾನು ಕಟ್ತಾ ಇದ್ದೆ. ಆಚೆ ಒಂದು ಸಂಸಾರ. ಗಂಡ, ಹೆಂಡತಿ, ಏಳೆಂಟು ವರ್ಷದ ಹುಡುಗ. ದಾರಿಯ ಮೇಲೆ ಆಗಲೇ ನೀರು ಸೇರಿತ್ತು, ಎಡದಿಂದಲೂ ಬಲದಿಂದಲೂ ಬಂದು ನಡುವೆ ಕೂಡಿ ಸುಳಿ ಕಟ್ಟಿಕೊಂಡು ಹರೀತಿತ್ತು. ನೋಡಿದರೆ ಮೊಣಕಾಲು ಮಟ್ಟ, ಅಷ್ಟೆ. ಗಂಡಸು ಪ್ಯಾಂಟು ಮಡಚಿ, ಹುಡುಗನನ್ನು ಹೆಗಲ ಮೇಲೆ ಕೂರಿಸಿ ಇಳಿದೇ ಬಿಟ್ಟ. ಹಿಂದಿನಿಂದ ಹೆಂಡತಿ ಕೂಗಿದ್ದು ಕೇಳಿತು, ನಮ್ಮದೇ ಭಾಷೆ: "ಹೋಗ್ಬೇಡಿ, ನಿಲ್ಲಿ!" ಅವನ ಉತ್ತರವೂ ಕೇಳಿತು. "ನಂಗೆ ಹೊಳೆ ದಾಟಿ ಗೊತ್ತಿಲ್ವಾ?"

ನಾಲ್ಕು ಹೆಜ್ಜೆ ಇಟ್ಟಿರಬೇಕು. ಮುಂದಿನ ಕಾಲು ಊರಲಿಕ್ಕೆ ಆಗ್ಲಿಲ್ಲ. ನೀರು ಕಾಲನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗ್ತದೆ, ಅಡಿಯಲ್ಲಿ ಪಾಚಿ ಹಿಡಿದ ಕಲ್ಲು. ಅವನ ಸೊಂಟ ತಿರುಗಿದ್ದು, ಹುಡುಗ ಅವನ ಕೂದಲು ಹಿಡಿದದ್ದು ಈಚೆಯಿಂದ ಕಾಣ್ತಿತ್ತು. ನಾನು ಗಂಟಲು ಹರಿಯುವಷ್ಟು ಕೂಗಿದೆ, ಕನ್ನಡದಲ್ಲಿಯೇ: "ವಾಪಾಸ್ ಹೋಗು! ದ್ವೀಪ ಮುಳುಗುದಿಲ್ಲ, ಮೇಲೆ ಹತ್ತಿ ಕೂತ್ಕೋ!" ಆ ನೀರಿನ ನಡುವೆ ಕನ್ನಡ ಕೇಳಿದ್ದಕ್ಕೋ ಏನೋ, ತಿರುಗಿದ. ಹೆಂಡತಿ ಅಂಗಿ ಹಿಡಿದು ಎಳೆದುಕೊಂಡಳು. ಇಲ್ಲಿಯ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿದೆ, ಪೆನಾರ್ತಿನಿಂದ ಲೈಫ್‌ಬೋಟ್ ಬಂತು. ಅದರಲ್ಲಿ ಬರುವವರು ಸಂಬಳದವರಲ್ಲ, ಸ್ವಯಂಸೇವಕರು. ಕೆಲಸ, ಊಟ ಬಿಟ್ಟು ಓಡಿ ಬರ್ತಾರೆ. ಒಂದು ಬೈಗುಳ ಇಲ್ಲ, ಹುಡುಗನಿಗೆ ಕಂಬಳಿ ಸುತ್ತಿ ಕರಕೊಂಡು ಬಂದರು.

ಅವನು ಈಜಲಿಕ್ಕೆ ಬರುವವ, ಅಳಿವೆ ನೋಡಿ ಬೆಳೆದವ. ಅದಕ್ಕೇ ಇಳಿದದ್ದು. ಬೆಂಗಳೂರಿನ ಹುಡುಗ ಆಗಿದ್ರೆ ಹೆದರಿ ಮೇಲೆಯೇ ಕೂತಿರ್ತಿದ್ದ. ನಿನ್ನ ಬಗ್ಗೆ ನನಗೆ ಹೆದರಿಕೆ ಇರುದೂ ಅಲ್ಲಿಯೇ. ಊರಲ್ಲಿ ನಾವು ನೋಡುದು ಅಲೆ, ಗಾಳಿ, ಮೋಡ. ಇಲ್ಲಿ ಎದುರಿಗೆ ಕಡಲು ಸುಮ್ಮನೆ ಮಲಗಿರ್ತದೆ, ನೀನು ರಾಡ್ ತುದಿ ನೋಡ್ತಾ ನಿಂತಿರ್ತಿ, ಹಿಂದಿನ ತಗ್ಗಿಗೆ ನೀರು ಬಂದು ದಾರಿ ಹೋಗಿರ್ತದೆ. ಕಲ್ಲಿನ ಮೇಲೆ ನಿಂತ ಕೂಡಲೇ ಹಿಂದೆ ತಿರುಗಿ ಅತಿ ತಗ್ಗಿನ ಜಾಗ ಯಾವುದು ಅಂತ ಗುರುತು ಇಟ್ಟುಕೋ. ಅಲ್ಲಿ ಒದ್ದೆ ಕಂಡರೆ ಮೀನು ಕಚ್ಚುತ್ತಾ ಇದ್ರೂ ಹೊರಡು. ಸಾಮಾನು ಹೋದರೆ ಹೋಗಲಿ.

ಇನ್ನೊಂದು: ಅಚ್ಚು ಹಾಕಿದ ಟೈಡ್ ಟೇಬಲ್ಲಿನಲ್ಲಿ, ಅಂದರೆ ಭರತ ಇಳಿತದ ಪಟ್ಟಿಯಲ್ಲಿ, ಸಾಧಾರಣ ಜಿಎಂಟಿ ಸಮಯ, ಅಂದ್ರೆ ಇಲ್ಲಿಯ ಚಳಿಗಾಲದ ಗಡಿಯಾರದ ಸಮಯ ಇರ್ತದೆ. ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಹಾಗಾಗಿ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಒಂದು ಗಂಟೆ ಸೇರಿಸಬೇಕು. ಫೋನಿನ ಆ್ಯಪ್‌ಗಳಲ್ಲಿ ಹೆಚ್ಚಾಗಿ ಅವರೇ ಸೇರಿಸಿರ್ತಾರೆ. ಅದಕ್ಕೆ ನೀನು ಮತ್ತೊಂದು ಗಂಟೆ ಸೇರಿಸಿದೆ ಅಂದ್ರೆ, ನಿನ್ನ ಲೆಕ್ಕಕ್ಕಿಂತ ಒಂದು ಗಂಟೆ ಮೊದಲೇ ನೀರು ಬಂದು ಕೂತಿರ್ತದೆ.

ಲೈಸೆನ್ಸ್ ಕೇಳಿದಿ. ಕಡಲ ದಡದಲ್ಲಿ ಗಾಳ ಹಾಕಲಿಕ್ಕೆ ಬೇಡ, ಹೊಳೆಯ ಮೀನಿಗೆ ಬೇಕು. ಹಿಡಿದದ್ದನ್ನು ಮಾರುವ ಹಾಗಿಲ್ಲ, ಪಕ್ಕದ ಮನೆಯವರಿಗೂ ದುಡ್ಡಿಗೆ ಕೊಡ್ಬೇಡ. ಸೌತ್ ವೇಲ್ಸಿನಲ್ಲಿ ತೊರಕೆ ರೆಕ್ಕೆಯಿಂದ ರೆಕ್ಕೆಗೆ 45 ಸೆಂಟಿಮೀಟರ್ ಇಲ್ಲದಿದ್ರೆ ವಾಪಸ್ಸು ಬಿಡಬೇಕು. ನಿಯಮ ಬದಲಾಗ್ತಾ ಇರ್ತದೆ, ವೇಲ್ಸ್ ಸರ್ಕಾರದ ಪುಟ ನೋಡ್ಕೋ.

ಇಲ್ಲಿಯ ಮುಖ್ಯ ತೊರಕೆ ಥಾರ್ನ್‌ಬ್ಯಾಕ್. ಬೆನ್ನು, ಬಾಲದ ತುಂಬ ಬಾಗಿದ ಮುಳ್ಳು, ಊರಿನ ತೊರಕೆಯ ವಿಷಮುಳ್ಳು ಇದಕ್ಕಿಲ್ಲ. ಆದರೂ ಬಾಲ ಬೀಸಿದರೆ ಕೈ ಸೀಳ್ತದೆ, ಬಾಯಿಗೆ ಬೆರಳು ಹಾಕಿದ್ಯೋ ಏಡಿ ಜಜ್ಜುವ ಹಲ್ಲು. ಮರಳಿನ ಕಡೆ ಸ್ಮಾಲ್ ಐಡ್ ರೇ ಕೂಡ ಬರ್ತದೆ. ವಸಂತದಿಂದ ಶುರು, ಮಳೆಗಾಲ ಅಂತ ಇಲ್ಲಿ ಬೇರೆ ಲೆಕ್ಕ ಇಲ್ಲ. ತಾಟೆ ಅಂತ ನೀನು ಕೇಳಿದ್ದು ಬುಲ್ ಹಸ್ ಇರಬೇಕು, ಚುಕ್ಕೆ ತಾಟೆ. ಅದು ಕಲ್ಲುತಳದ ಮೀನು, ಬೇಸಿಗೆ ಶುರುವಾದ ಮೇಲೆ, ಹೆಚ್ಚಾಗಿ ರಾತ್ರಿ. ಅದರ ಸಣ್ಣ ತಮ್ಮ ಡಾಗ್‌ಫಿಶ್ ಬೇಡ ಬೇಡ ಅಂದ್ರೂ ಬರ್ತದೆ. ಗುರುತು ಹಿಡಿಯಲಿಕ್ಕೆ ಮಗುಚಿ ಮೂಗು ನೋಡು: ಮೂಗಿನ ಚರ್ಮದ ಮಡಿಕೆ ಎರಡು ಬೇರೆಬೇರೆ ಇದ್ದು ಬಾಯಿಯವರೆಗೆ ಬಾರದಿದ್ರೆ ಹಸ್, ಒಂದೇ ಆಗಿ ಬಾಯಿ ಮುಟ್ಟಿದ್ರೆ ಡಾಗ್‌ಫಿಶ್. ಹಸ್ ಹಿಡಿಯುವಾಗ ತಲೆ, ಬಾಲ ಎರಡನ್ನೂ ಕೂಡಿಸಿ ಹಿಡಿ. ಇಲ್ಲದಿದ್ರೆ ಮುಂಗೈಗೆ ಸುತ್ತಿಕೊಂಡು ಉಜ್ಜಿಯೇ ಚರ್ಮ ತೆಗೀತದೆ.

ನೀರು ಕಂದು, ಕಣ್ಣು ಕೆಲಸ ಮಾಡುದಿಲ್ಲ. ಮೀನು ಬರುದು ವಾಸನೆಗೆ. ಹಾಗಾಗಿ ಗಾಳಕ್ಕೆ ಸಿಕ್ಕಿಸುವ ಇರೆ ಎಣ್ಣೆ ಜಾಸ್ತಿ ಇರುವಂಥದ್ದು ಬೇಕು: ಅಂಗಡಿಯಲ್ಲಿ ಬ್ಲೂಯಿ ಅಂತ ಫ್ರೀಜ್ ಮಾಡಿದ ಮೀನು ಸಿಗ್ತದೆ, ಇಲ್ಲಾಂದ್ರೆ ಇಲ್ಲಿಯ ಬಂಗುಡೆ, ಸ್ಯಾಂಡೀಲ್, ಬೊಂಡಾಸು. ತುಂಡು ಮಾಡಿ ಗಾಳದ ಮೇಲಿಟ್ಟು ಇಲಾಸ್ಟಿಕ್ ನೂಲಿನಿಂದ ಬೀಡಿ ಕಟ್ಟಿದ ಹಾಗೆ ಸುತ್ತಬೇಕು, ತುದಿ ಮಾತ್ರ ಹೊರಗೆ. ಇಲ್ಲದಿದ್ರೆ ಎಸೆದಾಗಲೇ ಇರೆ ಬೇರೆ, ಗಾಳ ಬೇರೆ. ಸೀಸದ ತೂಕ 150-170 ಗ್ರಾಂ, ತಂತಿಯ ಕಾಲು ಇರುವಂಥದ್ದು. ಸೆಳವಿನ ಎದುರಿಗೆ ಎಸೆದು, ಲೈನು ಸಡಿಲ ಬಿಡು. ನೀರು ಲೈನನ್ನು ಬಿಲ್ಲು ಮಾಡಿ ಎಳೀತದೆ, ಆ ಎಳೆತಕ್ಕೇ ತಂತಿ ತಳ ಹಿಡೀತದೆ. ತೊರಕೆ ಮೊದಲು ಇರೆಯ ಮೇಲೆ ಬಂದು ಮಲಗ್ತದೆ, ಆಮೇಲೆ ಬಾಯಿಗೆ ಹಾಕ್ತದೆ. ರಾಡ್ ತುದಿ ಎರಡು ಸಲ ಬಾಗಿದ ಕೂಡಲೇ ಎಳೀಬೇಡ, ಲೈನು ಸಡಿಲಾಗುವ ತನಕ ಕಾಯಿ. ಹಸ್ ಆದ್ರೆ ಸುಮ್ಮನೆ ಇರೆ ಕಚ್ಚಿ ಹಿಡಕೊಂಡು ದಡದವರೆಗೂ ಬಂದು, ನಿನ್ನ ಮುಖ ನೋಡಿ ಬಿಟ್ಟು ಹೋಗುದೂ ಉಂಟು.

ಜಾಗ? ರೂಸ್, ಅಬರ್‌ಥಾ, ಲಾವರ್ನಾಕ್. ಎಲ್ಲಿಯೂ ಬಂಡೆಯ ಬುಡದಲ್ಲಿ ಕೂರ್ಬೇಡ, ಕಲ್ಲು ಉದುರ್ತದೆ. 1897ರಲ್ಲಿ ಮಾರ್ಕೋನಿ ನೀರಿನ ಮೇಲಿಂದ ಮೊದಲ ನಿಸ್ತಂತು ಸಂದೇಶ ಕಳಿಸಿದ್ದು ಈ ಲಾವರ್ನಾಕಿಗೂ ಫ್ಲಾಟ್ ಹೋಮ್ ದ್ವೀಪಕ್ಕೂ ನಡುವೆ. ಅದೇ ಬಂಡೆಯ ಕೆಳಗೆ ನನ್ನ ಫೋನಿಗೆ ಸಿಗ್ನಲ್ ಇಲ್ಲ.

ಇನ್ನು ಇಟ್ಟುಕೊಳ್ಳುದು, ಬಿಡುದು. ತೊರಕೆ ಬೆಳೆಯುದು ನಿಧಾನ, ಮರಿಯೂ ಕಡಿಮೆ. ಇಲ್ಲಿಯವರು ಹೆಚ್ಚಿನವರು ಫೋಟೋ ತೆಗೆದು ಬಿಡ್ತಾರೆ. ನಾನು ವರ್ಷಕ್ಕೆ ಒಂದೆರಡು ತರ್ತೇನೆ, ದೊಡ್ಡ ಹೆಣ್ಣನ್ನು ಬಿಡ್ತೇನೆ. ಸಿಕ್ಕಿದ್ದೆಲ್ಲ ಚೀಲಕ್ಕೆ ತುಂಬಿದರೆ ಯಾರೂ ಬಾಯಿ ಬಿಟ್ಟು ಹೇಳುದಿಲ್ಲ, ಮುಂದಿನ ವಾರ ಗುಡ್ ಮಾರ್ನಿಂಗ್ ನಿಂತಿರ್ತದೆ. ಆಮೇಲೆ ಬರುವ ನಮ್ಮ ಬಣ್ಣದವರಿಗೆಲ್ಲ ಅದೇ ನೋಟ.

ಈ ಬಿಡುವ ವಿಷಯ ನಮ್ಮ ಅಪ್ಪನಿಗೆ ಅರ್ಥವೇ ಆಗ್ಲಿಲ್ಲ. "ಕಡಲಮ್ಮ ಕೊಟ್ಟದ್ದನ್ನು ವಾಪಸ್ಸು ಎಸೆದರೆ ಅವಳು ಇನ್ನೊಮ್ಮೆ ಕೊಡ್ತಾಳಾ?" ಅಂತ ಫೋನಿನಲ್ಲಿ ಕೇಳಿದ್ರು. ಕೋಡಿಯಲ್ಲಿ ಅಪ್ಪನ ಗಾಳ ಅಂದ್ರೆ ಹೆಸರು. ಅವರನ್ನು ಕರೆಸಿದ್ದು ನವೆಂಬರಿನಲ್ಲಿ, ಟಿಕೆಟ್ ಅಗ್ಗ ಇತ್ತು ಅಂತ. ನಾಲ್ಕು ಗಂಟೆಗೇ ಕತ್ತಲೆ, ಮಂಕಿ ಕ್ಯಾಪ್ ಹಾಕಿ ಪೆನಾರ್ತ್ ಪಿಯರಿನಲ್ಲಿ ನಿಂತ್ರು, ಬಂದದ್ದು ಅಂಗೈ ಉದ್ದದ ವೈಟಿಂಗ್ ಅನ್ನುವ ಮೀನು. "ಇದಕ್ಕಾ ಇಷ್ಟು ದೂರ ಬಂದದ್ದು?" ಅಂದ್ರು, ನಗ್ತಾನೇ ಅಂದದ್ದು. ಫೆಬ್ರವರಿಗೆ ಊರಿಗೆ ಹೋದರು, ತೊರಕೆ ದಡಕ್ಕೆ ಬರುವ ಮೊದಲೇ. ಇನ್ನೊಂದು ಸಲ ಬರಲಿಕ್ಕೆ ಆಗ್ಲಿಲ್ಲ. ಆ ಟಿಕೆಟ್ಟಿನಲ್ಲಿ ಉಳಿಸಿದ ದುಡ್ಡು ಯಾವುದಕ್ಕೆ ಖರ್ಚಾಯ್ತು ಅಂತ ಈಗ ನೆನಪೂ ಇಲ್ಲ. ನಿನ್ನ ಅಪ್ಪ ಅಮ್ಮನ್ನ ಕರೆಸುದಾದ್ರೆ ಮೇ ತಿಂಗಳಲ್ಲಿ ಕರೆಸು, ಟಿಕೆಟ್ ಎಷ್ಟೇ ಆಗಲಿ.

ಅಡುಗೆಯದ್ದು ನಿನಗೆ ಹೇಳಬೇಕಾ? ಒಂದೇ ವಿಷಯ: ತೊರಕೆ, ತಾಟೆ ಎರಡರ ಮೈಯಲ್ಲೂ ಯೂರಿಯಾ ಇರ್ತದೆ, ಇಟ್ಟಷ್ಟೂ ಅಮೋನಿಯಾ ವಾಸನೆ ಹೊಡೀತದೆ. ದಡದಲ್ಲಿಯೇ ರಕ್ತ ಬಸಿದು, ರೆಕ್ಕೆ ಕತ್ತರಿಸಿ ಐಸಿನಲ್ಲಿ ಹಾಕು. ತಾಟೆಗೆ ಮನೆಯಲ್ಲಿ ಬಿಸಿನೀರು ಹೊಯ್ದು ಮರಳುಚರ್ಮ ಕೆರೆ, ಅಮ್ಮ ಬಾಣಂತಿಗೆ ಮಾಡುವಾಗ ಕೆರೀತಿದ್ದದ್ದು ನೋಡಿರ್ತೀಯಲ್ಲ. ಕಿಟಕಿ ತೆಗೆದಿಡು, ಬಾಡಿಗೆ ಮನೆ. ಹೊಗೆ ಅಲಾರಾಂ ಕೂಗಿದರೆ ಟವೆಲ್ ಬೀಸು.

ಏಪ್ರಿಲ್ ಕಳೀಲಿ. ಅಷ್ಟಮಿ ಕಳೆದ ಭಾನುವಾರ ನೋಡಿ ಹೇಳ್ತೇನೆ, ಒಟ್ಟಿಗೆ ರೂಸಿಗೆ ಹೋಗುವ. ರಾಡ್ ತಕೊಳ್ಬೇಡ, ನನ್ನ ಹತ್ರ ಎರಡುಂಟು. ಹಿಡಿತ ಇರುವ ಬೂಟು ಬೇಕು, ಹೆಡ್ ಟಾರ್ಚ್ ಎರಡು ಬೇಕು, ಫೋನ್ ಪೂರ್ತಿ ಚಾರ್ಜ್. ಎಲ್ಲಿ ನಿಲ್ತೇವೆ, ಎಷ್ಟು ಗಂಟೆಗೆ ವಾಪಸ್ಸು ಅಂತ ಚೀಟಿ ಬರೆದು ಹೆಂಡತಿ ಕೈಗೆ ಕೊಟ್ಟು ಬಾ. ಅಷ್ಟರೊಳಗೆ ಊರಿನಿಂದ ಯಾರಾದರೂ ಬರುವವರಿದ್ರೆ ಒಂದು ಕಿಲೋ ಕುಂದಾಪುರ ಮಸಾಲೆ ಪುಡಿ ತರಿಸು, ಅರ್ಧ ನನಗೆ. ತೆಂಗಿನಕಾಯಿ ತುರಿ ಇಲ್ಲಿ ಫ್ರೀಜರಿನಲ್ಲಿ ಸಿಗ್ತದೆ.