ತಮ್ಮ ಡಿ-ಅಡಿಕ್ಷನ್ ಸೆಂಟರ್‌ನಿಂದ ಮನೆಗೆ ಬರ್ತಿದ್ದಾನೆ. ವರ್ಷಗಟ್ಟಲೆ ಡ್ರಗ್ಸ್ ತಗೊಂಡವನಿಗೆ ಓವರ್‌ಡೋಸ್ ಭಯ ಕಡಿಮೆ ಅಲ್ವಾ? ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ನಿಲ್ಲಿಸಬಹುದಾ?

ಕಡಿಮೆ ಅಲ್ಲ, ಈಗಲೇ ಜಾಸ್ತಿ. ಮಾತ್ರೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದೆ, ನನ್ನ ತಮ್ಮ ಇವತ್ತಿಲ್ಲ.

ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಬ್ರೌನ್ ಶುಗರ್, ಅಂದ್ರೆ ಕಲಬೆರಕೆ ಹೆರಾಯಿನ್, ಹಿಡಿದಿದ್ದ. ಮೊದಮೊದಲು ಸೇದುತ್ತಿದ್ದ, ಆಮೇಲೆ ಸೂಜಿ. ನಮಗೆ ಗೊತ್ತಾಗುವ ಹೊತ್ತಿಗೆ, ಹೊಸಬರಾದರೆ ಉಸಿರು ನಿಲ್ಲುವಷ್ಟು ತಗೊಂಡೂ ಎದ್ದು ಕೆಲಸಕ್ಕೆ ಹೋಗುತ್ತಿದ್ದ. ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದೆವು. ಕಳಿಸುವಾಗ ಡಾಕ್ಟರ್ ಬುಪ್ರೆನಾರ್ಫಿನ್ ಬರೆದರು, ನಾಲಿಗೆ ಕೆಳಗಿಟ್ಟುಕೊಳ್ಳುವ ಮಾತ್ರೆ. ಇದೂ ಅಫೀಮಿನ ಜಾತಿಯದ್ದೇ ಅಂತ ಗೊತ್ತಾಗಿ ನನಗೆ ಸಿಟ್ಟು ಬಂತು. ಒಂದು ಬಿಡಿಸಿ ಇನ್ನೊಂದು ಅಂಟಿಸ್ತಾರಲ್ಲ ಅಂತ. "ಇದೂ ಬೇಡ ಕಣೋ, ಪೂರ್ತಿ ಬಿಟ್ಬಿಡು" ಅಂದೆ. ಅಕ್ಕನ ಮಾತು ಅಂತ ಕೇಳಿದ.

ನಾನು ತಪ್ಪಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಟಾಲರೆನ್ಸ್, ಅಂದ್ರೆ ಮೈ ಡ್ರಗ್ಸ್‌ಗೆ ಒಗ್ಗಿಕೊಳ್ಳೋದು, ಒಂದು ಸಲ ಬಂದರೆ ಉಳಿಯುವಂಥದ್ದಲ್ಲ. ದಿನಾ ತಗೊಳ್ಳುತ್ತಿದ್ದರೆ ಮಾತ್ರ ಇರುತ್ತೆ. ಬಿಟ್ಟ ಕೆಲವು ದಿನಗಳಿಂದಲೇ ಇಳಿಯುತ್ತೆ, ಕೆಲವು ವಾರಗಳಲ್ಲಿ ಬಹುಪಾಲು ಹೋಗುತ್ತೆ. ಆದರೆ ಆಸೆ ಹೋಗಲ್ಲ, ಎಷ್ಟು ತಗೊಳ್ಳುತ್ತಿದ್ದೆ ಅನ್ನುವ ನೆನಪೂ ಹೋಗಲ್ಲ. ಮತ್ತೆ ಮನಸ್ಸಾದ ದಿನ ಕೈ ಹಳೇ ಅಳತೆಗೇ ಹೋಗುತ್ತೆ. ಬುಪ್ರೆನಾರ್ಫಿನ್ ಮಾಡುವ ಕೆಲಸ ಎರಡು: ಆಸೆ ತಗ್ಗಿಸುತ್ತೆ, ಹೆರಾಯಿನ್ ಮೈಗೆ ಸರಿಯಾಗಿ ಹತ್ತದ ಹಾಗೆ ಅಡ್ಡ ನಿಲ್ಲುತ್ತೆ. ಅದು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ನಾನು ಆ ಅಡ್ಡಗೋಡೆ ತೆಗೆದು, ತಮ್ಮ ಶುದ್ಧನಾದ ಅಂತ ಖುಷಿಪಟ್ಟೆ.

ಸಹವಾಸ ತಪ್ಪಲಿ ಅಂತ ಶಿವಮೊಗ್ಗದ ಅತ್ತೆ ಮನೆಗೆ ಕಳಿಸಿದ್ದೆವು. ಅಲ್ಲೇ ಆಯಿತು. ರಾತ್ರಿ ರೂಮಿನಿಂದ ಜೋರು ಗೊರಕೆ ಕೇಳಿ, ಪಾಪ, ಇವತ್ತಾದರೂ ಚೆನ್ನಾಗಿ ನಿದ್ದೆ ಬಂದಿದೆ ಅಂದುಕೊಂಡರಂತೆ ಅತ್ತೆ. ಅದು ನಿದ್ದೆಯ ಗೊರಕೆ ಅಲ್ಲ, ಗಂಟಲು ಸಡಿಲಾಗಿ ಉಸಿರು ಸಿಕ್ಕಿಹಾಕಿಕೊಳ್ಳುವ ಗೊರಗೊರ ಸದ್ದು. ಬೆಳಿಗ್ಗೆ ತುಟಿ, ಉಗುರು ನೀಲಿಯಾಗಿತ್ತು.

ಆಮೇಲೆ ಸುಮಾರು ಓದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ಹೊರಬಂದ ಮೊದಲ ಎರಡು ವಾರ ಅವರು ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು. ಕೆನಡಾದ ಶೆಪರ್ಡ್ ಸೀಗಲ್ 1982ರಲ್ಲಿ ಇಲಿಗಳ ಮೇಲೆ ಇನ್ನೊಂದು ವಿಷಯ ತೋರಿಸಿದರು. ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆಲ್ಲ ಒಂದೇ ಅಳತೆಯ ದೊಡ್ಡ ಡೋಸ್ ಕೊಟ್ಟಾಗ, ರೂಢಿಯ ಜಾಗದಲ್ಲಿ ಸತ್ತಿದ್ದು ಶೇ. 32, ಹೊಸ ಜಾಗದಲ್ಲಿ ಶೇ. 64. ದೇಹ ಜಾಗವನ್ನೂ ಗುರುತಿಟ್ಟುಕೊಂಡು ಸಿದ್ಧವಾಗುತ್ತೆ. ಊರು ಬದಲಿಸಿದರೆ ಸರಿಹೋಗ್ತಾನೆ ಅನ್ನೋರ ಮಾತು ಅದಕ್ಕೇ ನನಗೆ ಹಿಡಿಸಲ್ಲ.

ಇನ್ನೊಂದು, ದಿನಾ ತಗೊಳ್ಳೋರೂ ಸೇಫ್ ಅಲ್ಲ. ಅಮಲು ಬೇಗ ಮಂದವಾಗುತ್ತೆ, ಡೋಸ್ ಏರಿಸುತ್ತಾ ಹೋಗ್ತಾರೆ. ಆದರೆ ಉಸಿರಾಟ ಅಷ್ಟೇ ವೇಗದಲ್ಲಿ ಒಗ್ಗಲ್ಲ. ಜೊತೆಗೆ ಕುಡಿತವೋ ನಿದ್ದೆ ಮಾತ್ರೆಯೋ ಸೇರಿದರೆ ಕೇಳೋದೇ ಬೇಡ.

ಹಾಗಾಗಿ ಮಾತ್ರೆ ಮುಂದುವರಿಯಲಿ. ಎಷ್ಟು ದಿನ ಅನ್ನೋದನ್ನ ಡಾಕ್ಟರ್ ಹೇಳಲಿ, ನೆಂಟರಲ್ಲ. ತಮ್ಮನಿಗೆ ಬೈಯದೆ, ನೇರವಾಗಿ ಹೇಳಿ: ಹಳೇ ಅಳತೆ ಈಗ ನಿನ್ನನ್ನ ಕೊಲ್ಲುತ್ತೆ, ತಡೆಯೋಕಾಗದಿದ್ರೆ ಒಬ್ಬನೇ ಬಾಗಿಲು ಹಾಕ್ಕೋಬೇಡ, ನನ್ನನ್ನ ಕರಿ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ, ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ಏನು ತಗೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ. ಆಸ್ಪತ್ರೆಯಲ್ಲಿ ಓವರ್‌ಡೋಸ್ ಇಳಿಸುವ ನಲಾಕ್ಸೋನ್ ಇಂಜೆಕ್ಷನ್ ಕೊಡ್ತಾರೆ. ಅದರ ಪ್ರಭಾವ ಹೆರಾಯಿನ್‌ಗಿಂತ ಮೊದಲೇ ಇಳಿಯಬಹುದು, ಎದ್ದು ಕೂತ ತಕ್ಷಣ ಮನೆಗೆ ಕರ್ಕೊಂಡು ಬರಬೇಡಿ. ಸೆಂಟರ್‌ನವರು ಫೋನ್ ತೆಗೆಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.